ಹೋದ ತೂಕ ವಾಪಸ್ ಬಂತು, ಆದರೆ ಬಂದದ್ದೇನು?

ಬಿಡದೆ ಕಾಡಿದ ಜ್ವರ, ಅದರ ಬೆನ್ನಿಗೇ ಆಸ್ಪತ್ರೆ ವಾಸ. ಮನೆಗೆ ಬಂದಾಗ ನನ್ನ ತೂಕ 51.5 ಕಿಲೋ. ಜ್ವರಕ್ಕೆ ಮುಂಚೆ 58 ಇತ್ತು. ಆಮೇಲೆ ತಿಂಗಳುಗಟ್ಟಲೆ ತಿಂದು, ವಿಶ್ರಾಂತಿ ತಗೊಂಡು, ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಆಯಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಬಂದ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು ಅಂತ ಕೇಳಿದ್ದು ಡಯಟಿಷಿಯನ್ ಒಬ್ಬರೇ. ಆ ಒಂದು ಪ್ರಶ್ನೆಯ ಹಿಂದೆ ಹೋಗಿ ಟೇಪು, ಕ್ಯಾಲಿಪರ್, ಕರೆಂಟ್ ಹರಿಸುವ ಯಂತ್ರ, ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲವನ್ನೂ ದಾಟಿ ಬಂದಿದ್ದೇನೆ. ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ನನ್ನ ಗಾಬರಿ ಅರ್ಧಕ್ಕರ್ಧ ಕಡಿಮೆ ಆಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನನಗೆ ಚಿಕಿತ್ಸೆ ಕೊಟ್ಟವರು ಹೇಳಿದ್ದು, ನಾನು ಅನುಭವಿಸಿದ್ದು ಮಾತ್ರ ಇಲ್ಲಿದೆ.

ಡಿಸ್ಚಾರ್ಜ್ ಆದ ನಂತರದ ಮೊದಲ ಭೇಟಿಯಲ್ಲಿ ನರ್ಸ್ ಎತ್ತರ, ತೂಕ ನೋಡಿದರು. ಚೀಟಿಯಲ್ಲಿ 'ಬಿಎಂಐ 20.6, ನಾರ್ಮಲ್' ಅಂತ ಬರೆದರು. ತೂಕವನ್ನು ಕಿಲೋದಲ್ಲಿ ತಗೊಂಡು, ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ರಿಂದ 24.9 ಸಾಮಾನ್ಯ. 18.5ಕ್ಕಿಂತ ಕೆಳಗೆ ಕಡಿಮೆ ತೂಕ, 25ರಿಂದ ಮೇಲೆ ಜಾಸ್ತಿ ತೂಕ, 30 ದಾಟಿದರೆ ಬೊಜ್ಜು. ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂತ 2004ರಲ್ಲಿ ಅದೇ ಸಂಸ್ಥೆಯ ತಜ್ಞರು ಹೇಳಿದ್ದಾರೆ. ಹೇಗೆ ನೋಡಿದರೂ ನನ್ನದು ಸರಿಯಾಗೇ ಇತ್ತು. ಆದರೆ ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದಕ್ಕೂ ಇನ್ನೊಬ್ಬರನ್ನು ಕರೆಯಬೇಕಿತ್ತು. ಚೀಟಿಯಲ್ಲಿ 'ನಾರ್ಮಲ್' ಅಂತ ನೋಡಿದಾಗ ಸಮಾಧಾನ ಆಗಲಿಲ್ಲ. ನನ್ನ ಸುಸ್ತೆಲ್ಲ ಬರೀ ಮನಸ್ಸಿನದ್ದೇನೋ ಅನ್ನಿಸಿ ಬೇಜಾರಾಯಿತು.

ಡಯಟಿಷಿಯನ್ ಆ ಚೀಟಿಯನ್ನು ಪಕ್ಕಕ್ಕಿಟ್ಟರು. "ಜ್ವರಕ್ಕೆ ಮುಂಚೆ ಎಷ್ಟಿದ್ರಿ ಮೇಡಂ?" ಅಂತ ಕೇಳಿದರು. 58 ಅಂದೆ. ಕ್ಯಾಲ್ಕುಲೇಟರ್ ಒತ್ತಿದರು. ಶೇಕಡ 11ಕ್ಕೂ ಜಾಸ್ತಿ ಇಳಿದಿತ್ತು. ಅವರು ಬಳಸಿದ್ದು 'ಮಸ್ಟ್' ಅನ್ನುವ ಪಟ್ಟಿ. 2003ರಲ್ಲಿ ಬ್ರಿಟನ್‌ನಲ್ಲಿ ತಯಾರಾದದ್ದು, ದೊಡ್ಡವರಲ್ಲಿ ಅಪೌಷ್ಟಿಕತೆಯ ಅಪಾಯ ಇದೆಯಾ ಅಂತ ಬೇಗ ಗುರುತಿಸುವುದಕ್ಕೆ. ಅದರಲ್ಲಿ ನೋಡುವುದು ಮೂರೇ ವಿಷಯ. ಬಿಎಂಐ 20ಕ್ಕಿಂತ ಮೇಲಿದ್ದರೆ ಸೊನ್ನೆ, 18.5ರಿಂದ 20 ಇದ್ದರೆ 1, ಅದಕ್ಕೂ ಕೆಳಗಿದ್ದರೆ 2. ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗೇ ಇಳಿದ ತೂಕ ಶೇಕಡ 5ರಿಂದ 10 ಆದರೆ 1, ಹತ್ತು ದಾಟಿದರೆ 2. ತೀವ್ರ ಕಾಯಿಲೆಯಿಂದ ಐದು ದಿನಕ್ಕಿಂತ ಜಾಸ್ತಿ ಊಟವೇ ಸೇರದಿದ್ದರೆ, ಅಥವಾ ಸೇರುವ ಲಕ್ಷಣ ಇಲ್ಲದಿದ್ದರೆ, ಇನ್ನೂ 2. ಒಟ್ಟು 2 ಅಥವಾ ಅದಕ್ಕಿಂತ ಮೇಲೆ ಬಂದರೆ ಹೆಚ್ಚು ಅಪಾಯ. ಬಿಎಂಐನಲ್ಲಿ ನನಗೆ ಸೊನ್ನೆ. ಇಳಿದ ತೂಕಕ್ಕೇ 2 ಬಂತು. ಒಂದೇ ಮಧ್ಯಾಹ್ನ, ಒಂದೇ ದೇಹ. ಒಂದು ಕೋಣೆಯಲ್ಲಿ ನಾರ್ಮಲ್, ಪಕ್ಕದ ಕೋಣೆಯಲ್ಲಿ ಹೆಚ್ಚು ಅಪಾಯ.

ಇದಕ್ಕೆ ಹೋಗುವವರು ಹಳೆಯ ತೂಕ ಬರೆದಿರುವ ಯಾವ ಕಾಗದ ಇದ್ದರೂ ತಗೊಂಡು ಹೋಗಿ. ಹಳೆಯ ಹೆಲ್ತ್ ಚೆಕಪ್, ವಿಮೆಯ ಫಾರ್ಮು, ಹಲ್ಲಿನ ಡಾಕ್ಟರ ಚೀಟಿ, ಏನಾದರೂ ಸರಿ. ಏನೂ ಇಲ್ಲದಿದ್ದರೆ ಬಟ್ಟೆ, ಉಂಗುರ, ಬೆಲ್ಟು ಎಷ್ಟು ಸಡಿಲ ಆಗಿವೆ ಅಂತ ಕೇಳುತ್ತಾರೆ. ಅದೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಅವರು ಕೈಯಿಂದಲೇ ಪರೀಕ್ಷೆ ಮಾಡಿದರು. ಇಷ್ಟು ಗಮನ ಕೊಟ್ಟು ನನ್ನನ್ನು ಯಾರೂ ನೋಡಿರಲಿಲ್ಲ. ಕಣ್ಣಿನ ಪಕ್ಕದ ಕಣತಲೆ ಗುಳಿ ಬಿದ್ದಿದೆಯಾ, ಕುತ್ತಿಗೆ ಕೆಳಗಿನ ಮೂಳೆ ಎದ್ದು ಕಾಣುತ್ತದೆಯಾ ಅಂತ ನೋಡಿದರು. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿಯಲು ಹೇಳಿ, ಎರಡರ ನಡುವೆ ಉಬ್ಬುವ ಮಾಂಸವನ್ನು ಮುಟ್ಟಿ ನೋಡಿದರು. ನನಗೆ ಅಲ್ಲಿ ಉಬ್ಬೇ ಇರಲಿಲ್ಲ, ಚಪ್ಪಟೆ. ಕಾಲಿನ ಗಿಣ್ಣಿನ ಮೇಲೆ ಹೆಬ್ಬೆರಳಿಂದ ಒತ್ತಿ ಗುಳಿ ಉಳಿಯುತ್ತದಾ ಅಂತ ನೋಡಿದರು. ಊತ ಇದ್ದರೆ ತೂಕವೇ ಸುಳ್ಳು ಹೇಳುತ್ತದಂತೆ, ನೀರೂ ತೂಗುತ್ತದಲ್ವಾ. ನಾಲಿಗೆ, ಉಗುರು, ವಸಡು ನೋಡಿದರು. ಮಬ್ಬು ಬೆಳಕಲ್ಲಿ ಕಣ್ಣು ಕಾಣುತ್ತದಾ ಅಂತ ಕೇಳಿದರು. ಇಷ್ಟಕ್ಕೆ ಯಂತ್ರ ಬೇಡ, ಬೇರೆ ಖರ್ಚೂ ಇಲ್ಲ. ನಿಮ್ಮನ್ನು ನೋಡುವವರು ಇದನ್ನು ಮಾಡದೆ ನೇರವಾಗಿ ಯಂತ್ರದ ಹತ್ತಿರ ಕಳಿಸಿದರೆ, ಒಮ್ಮೆ ನೋಡಿ ಅಂತ ನೀವೇ ಕೇಳಿ.

ಎತ್ತರವನ್ನೂ ಅವರು ಮತ್ತೆ ಅಳೆದರು. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ, ನೇರ ಮುಂದೆ ನೋಡುತ್ತಾ ನಿಲ್ಲಬೇಕು. 158 ಸೆಂಟಿಮೀಟರ್. ನನ್ನ ನಂತರದ ಸರದಿ ಗಾಲಿ ಕುರ್ಚಿಯಲ್ಲಿದ್ದ ಅಜ್ಜ ಒಬ್ಬರದ್ದು. ನಿಲ್ಲಲಾಗದವರ ಎತ್ತರ ಹೇಗೆ ಸಿಗುತ್ತದೆ ಅಂತ ನನಗೆ ಕುತೂಹಲ. "ಎಡಗೈ ಎದೆ ಮೇಲೆ ಅಡ್ಡ ಇಟ್ಕೊಳ್ಳಿ ಅಜ್ಜಾ, ಬೆರಳು ಬಲ ಭುಜದ ಕಡೆ ಇರಲಿ" ಅಂದರು. ಮೊಣಕೈ ತುದಿಯಿಂದ ಮಣಿಕಟ್ಟಿನ ಉಬ್ಬು ಮೂಳೆವರೆಗೆ ಟೇಪು ಹಿಡಿದು, ಆ ಉದ್ದದಿಂದ ಎತ್ತರ ಹೇಳುವ ಪಟ್ಟಿ ನೋಡಿದರು. ತೂಗುವುದಕ್ಕೂ ಆಗದಿದ್ದರೆ ತೋಳಿನ ಸುತ್ತಳತೆ, ಮೀನಖಂಡದ ಸುತ್ತಳತೆ ಇದ್ದೇ ಇದೆ. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿರುವವರಿಗೆ ಇದು ಗೊತ್ತಿರಲಿ. 'ನಿಲ್ಲೋಕೆ ಆಗಲ್ಲ, ಹಾಗಾಗಿ ಪೋಷಣೆ ನೋಡೋಕಾಗಲ್ಲ' ಅನ್ನುವ ಮಾತು ನಿಜವಲ್ಲ.

ಇನ್ನು ರಕ್ತ ಪರೀಕ್ಷೆ. ಆಸ್ಪತ್ರೆಯಲ್ಲಿದ್ದಾಗಿನ ರಿಪೋರ್ಟಿನಲ್ಲಿ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ 3.1 ಇತ್ತು, ದಪ್ಪ ಅಕ್ಷರದಲ್ಲಿ. ಸಾಮಾನ್ಯ ಮಟ್ಟ ಸುಮಾರು 3.5ರಿಂದ 5. 'ಪ್ರೋಟೀನ್ ಕಡಿಮೆ ಆಗಿದೆ' ಅಂತ ಮನೆಯಲ್ಲಿ ಎಲ್ಲರೂ ಹೆದರಿದ್ದೆವು. ಡಾಕ್ಟರ್ ಬಿಡಿಸಿ ಹೇಳಿದರು. ಸೋಂಕು, ಉರಿಯೂತ ಇದ್ದಾಗ ಆಲ್ಬುಮಿನ್ ತಾನಾಗೇ ಇಳಿಯುತ್ತದೆ. ಅದು ಕಾಯಿಲೆಯ ತೀವ್ರತೆ ತೋರಿಸುತ್ತದೆಯೇ ಹೊರತು ಊಟದ ಕೊರತೆಯನ್ನಲ್ಲ. ಎಷ್ಟೋ ವರ್ಷ ಅದನ್ನೇ ಅಪೌಷ್ಟಿಕತೆಯ ಗುರುತು ಅಂತ ನೋಡುತ್ತಿದ್ದರಂತೆ, ಈಗ ಹಾಗೆ ನೋಡುವುದಿಲ್ಲ. ಪ್ರೀಆಲ್ಬುಮಿನ್ ಅನ್ನುವ ಇನ್ನೊಂದು ಪ್ರೋಟೀನಿಗೂ ಇದೇ ಮಾತು.

ಫೆರಿಟಿನ್ ಇದಕ್ಕೆ ಉಲ್ಟಾ. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಅದು. ಉರಿಯೂತ ಇದ್ದಾಗ ಏರುತ್ತದೆ. ಜ್ವರದ ಹೊತ್ತಲ್ಲಿ ನನ್ನದು 48, ನೋಡೋಕೆ ಚೆನ್ನಾಗಿತ್ತು. ಹಿಮೋಗ್ಲೋಬಿನ್ ಮಾತ್ರ 11.2. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. "ಉರಿಯೂತ ಇಳಿಯಲಿ, ಆಮೇಲೆ ಮತ್ತೆ ನೋಡೋಣ" ಅಂದರು ಡಾಕ್ಟರ್. ಉರಿಯೂತ ಇದೆಯಾ ಇಲ್ವಾ ಅಂತ ಹೇಳುವುದು ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆ. ಅದು ಮಾಮೂಲಿಗೆ ಬಂದ ಮೇಲೆ ಫೆರಿಟಿನ್ ನೋಡಿದರೆ 11! ಆರೋಗ್ಯವಂತ ದೊಡ್ಡವರಲ್ಲಿ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ. ಸೋಂಕಿದ್ದಾಗ 70ಕ್ಕಿಂತ ಕೆಳಗಿದ್ದರೂ ಅನುಮಾನ ಪಡಬೇಕಂತೆ. ಅಂದರೆ ನನ್ನ ಕೊರತೆ ಮೊದಲ ದಿನದಿಂದಲೂ ಇತ್ತು, ರಿಪೋರ್ಟು ಅದನ್ನು ಮುಚ್ಚಿಟ್ಟಿತ್ತು. ಫೆರಿಟಿನ್ ಬರೆಸುವಾಗ ಪಕ್ಕದಲ್ಲೇ ಸಿಆರ್‌ಪಿ ಕೂಡ ಬರೆಸಿ. ಇಡೀ ಓಡಾಟದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಮಾತುಗಳಲ್ಲಿ ಇದೂ ಒಂದು.

ಆ ಎರಡನೇ ರಕ್ತ ಪರೀಕ್ಷೆಯೂ ಸಲೀಸಾಗಿ ಆಗಲಿಲ್ಲ. ಜ್ವರ ಬಿಟ್ಟು ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿ ಮುಷ್ಟಿ ಉದುರತೊಡಗಿತ್ತು. ದೊಡ್ಡ ಜ್ವರದ ನಂತರ ಹಾಗಾಗುತ್ತದೆ, ಮತ್ತೆ ಬರುತ್ತದೆ. ಅದಕ್ಕೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಇರುವ ಮಾತ್ರೆ ತಗೊಳ್ಳುತ್ತಿದ್ದೆ. ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ, ಸರದಿಯಲ್ಲಿ ಕೂತು, ಕುರ್ಚಿ ಹತ್ತಿದ ಮೇಲೆ ತಂತ್ರಜ್ಞರು ಮಾತ್ರೆಗಳ ಬಗ್ಗೆ ಕೇಳಿದರು. ಬಯೋಟಿನ್ ಜಾಸ್ತಿ ಇದ್ದರೆ ಥೈರಾಯ್ಡ್, ವಿಟಮಿನ್ ಡಿ ಥರದ ಕೆಲವು ಪರೀಕ್ಷೆಗಳ ಫಲಿತಾಂಶ ಏರುಪೇರಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅವತ್ತು ಹಾಗೇ ವಾಪಸ್ ಕಳಿಸಿದರು. ಸಿಟ್ಟು ಬಂತು, ನಿಜ. ಅಪಾಯಿಂಟ್‌ಮೆಂಟ್ ಕೊಟ್ಟ ದಿನವೇ ಒಂದು ಮಾತು ಹೇಳಬಹುದಿತ್ತು. ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮುಂಚೆಯೇ ಲ್ಯಾಬಿಗೆ ತಿಳಿಸಿ, ಕೂದಲಿನದ್ದು, ಉಗುರಿನದ್ದು ಸೇರಿಸಿ. ಎಷ್ಟು ದಿನ ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿ.

ದೊಡ್ಡ ಪ್ಯಾಕೇಜ್ ಮಾಡಿಸಿ ಅಂತ ಲ್ಯಾಬಿನ ಕೌಂಟರಿನಲ್ಲಿ ಒತ್ತಾಯ ಇತ್ತು. ನನ್ನ ಡಾಕ್ಟರ್ ಬೇಡ ಅಂದರು. ನನಗೆ ಬರೆದದ್ದು ರಕ್ತದ ಪೂರ್ಣ ಎಣಿಕೆ, ಫೆರಿಟಿನ್, ಸಿಆರ್‌ಪಿ, ಬಿ12, ವಿಟಮಿನ್ ಡಿ, ಥೈರಾಯ್ಡ್, ಕೊಲೆಸ್ಟರಾಲ್, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ. ಅಷ್ಟೇ. ಪ್ಯಾಕೇಜಿನ ಖರ್ಚಲ್ಲಿ ಸುಮಾರು ಅರ್ಧ ಉಳಿಯಿತು.

ಈಗ ಕೊಬ್ಬಿನ ವಿಷಯಕ್ಕೆ ಬರುತ್ತೇನೆ. ನಾನು ಜಾಸ್ತಿ ತಲೆಕೆಡಿಸಿಕೊಂಡದ್ದು ಇಲ್ಲೇ.

ತೂಕ 57.5 ಮುಟ್ಟಿದಾಗ ಮನೆಯಲ್ಲಿ ಖುಷಿ. ಡಯಟಿಷಿಯನ್ ಟೇಪು ತೆಗೆದರು. ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು ಮತ್ತು ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ಸರಿ ಮಧ್ಯದಲ್ಲಿ ಗುರುತು ಹಾಕಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆದರು. ಪ್ಯಾಂಟ್ ಕಟ್ಟುವ ಜಾಗ ಅದಲ್ಲ. 84 ಸೆಂಟಿಮೀಟರ್ ಬಂತು. ಹೆಂಗಸರಿಗೆ 80 ದಾಟಿದರೆ ಎಚ್ಚರ, 88 ದಾಟಿದರೆ ಅಪಾಯ ಇನ್ನೂ ಜಾಸ್ತಿ. ಗಂಡಸರಿಗೆ 94 ಮತ್ತು 102. ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90 ಅಂತಲೇ ಹಿಡಿಯುತ್ತಾರೆ. ಇನ್ನೂ ಸುಲಭದ ಲೆಕ್ಕ ಬೇಕಾದರೆ, ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನನ್ನ ಎತ್ತರದ ಅರ್ಧ 79. ಕಾಯಿಲೆಗೆ ಮುಂಚೆ ಹೊಟ್ಟೆ 77 ಇದ್ದದ್ದು ಹಳೆಯ ಚೆಕಪ್ ಚೀಟಿಯಲ್ಲಿತ್ತು. ತೂಕ ಅರ್ಧ ಕಿಲೋ ಕಡಿಮೆ, ಹೊಟ್ಟೆ 7 ಸೆಂಟಿಮೀಟರ್ ಜಾಸ್ತಿ! "ಹೋದದ್ದು ಸ್ನಾಯು, ಬಂದದ್ದು ಕೊಬ್ಬು ಅನ್ಸುತ್ತೆ. ಸರಿಯಾಗಿ ಅಳೆಯೋಣ" ಅಂದರು.

ಮನೆಯಲ್ಲಿ ಕೊಬ್ಬು ತೋರಿಸುವ ತಕ್ಕಡಿ ಇತ್ತು. ಅದು ಶೇಕಡ 30 ಅನ್ನುತ್ತಿತ್ತು. ಕ್ಲಿನಿಕ್ಕಿನ ಯಂತ್ರದಲ್ಲಿ ಪಾದ ಇಟ್ಟು ಎರಡೂ ಕೈಯಲ್ಲಿ ಹಿಡಿ ಹಿಡಿದರೆ 33. ಕ್ಯಾಲಿಪರ್‌ನಲ್ಲಿ 35. ಕೊನೆಗೆ ಎಕ್ಸ್‌ರೇ ಬಳಸುವ ಡೆಕ್ಸಾ ಸ್ಕ್ಯಾನ್‌ನಲ್ಲಿ 38. ಹೊಸ ಅಂಕೆ ಬಂದಾಗೆಲ್ಲ ರಾತ್ರಿ ನಿದ್ದೆ ಹೋಗುತ್ತಿತ್ತು. ಕೊಬ್ಬು ವಾರದಿಂದ ವಾರಕ್ಕೆ ಏರುತ್ತಿದೆ ಅಂತಲೇ ನನಗನ್ನಿಸಿತ್ತು. ಏರುತ್ತಿರಲಿಲ್ಲ. ಅಳೆಯುವ ಬಗೆ ಬದಲಾಗುತ್ತಿತ್ತು, ಅಷ್ಟೇ.

ಮನೆಯ ತಕ್ಕಡಿ, ಕ್ಲಿನಿಕ್ಕಿನ ಯಂತ್ರ ಎರಡೂ ಮಾಡುವುದು ಒಂದೇ ಕೆಲಸ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ದೇಹದೊಳಗೆ ಹರಿಸುತ್ತವೆ. ನೀರಿರುವ ಕಡೆ ಅದು ಸಲೀಸಾಗಿ ಹೋಗುತ್ತದೆ, ಕೊಬ್ಬು ತಡೆಯುತ್ತದೆ. ಆ ತಡೆಯಿಂದ ದೇಹದ ನೀರನ್ನು ಅಂದಾಜು ಮಾಡಿ, ಅದರಿಂದ ಕೊಬ್ಬನ್ನು ಲೆಕ್ಕ ಹಾಕುತ್ತವೆ. ಅಂದರೆ ನೇರವಾಗಿ ಕೊಬ್ಬನ್ನು ಅಳೆಯುವುದೇ ಇಲ್ಲ. ಪಾದ ಮಾತ್ರ ಇಡುವ ತಕ್ಕಡಿಯಲ್ಲಿ ಕರೆಂಟು ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗಿ ಬರುತ್ತದೆ. ಹೊಟ್ಟೆ, ಎದೆ, ತೋಳಿನದ್ದೆಲ್ಲ ಹೆಚ್ಚಿನಂಶ ಊಹೆ. ನೀರು ಕುಡಿದಿದ್ದರೆ, ಬೆವರಿದ್ದರೆ, ಊಟ ಮಾಡಿದ್ದರೆ, ಮುಟ್ಟಿನ ದಿನವಾಗಿದ್ದರೆ ಅಂಕೆ ಬದಲಾಗುತ್ತದೆ. ಕ್ಲಿನಿಕ್ಕಿನವರು ಹೇಳಿದ ನಿಯಮ ಹೀಗಿತ್ತು: ಬೆಳಿಗ್ಗೆ ಖಾಲಿ ಹೊಟ್ಟೆ, ಮೂತ್ರ ಮಾಡಿ ಬಂದಿರಬೇಕು, ಹಿಂದಿನ ಸಂಜೆಯಿಂದ ವ್ಯಾಯಾಮ ಬೇಡ, ಹಿಂದಿನ ದಿನ ಮದ್ಯ ಬೇಡ, ಲೋಹದ ಒಡವೆ ಬೇಡ. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಯಂತ್ರದ ಮೇಲೆ ನಿಲ್ಲಲೇಬಾರದು. ಗರ್ಭಿಣಿಯರಿಗೂ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

ಕ್ಯಾಲಿಪರ್ ನನಗೆ ಇಷ್ಟವಾದ ಪರೀಕ್ಷೆ. ಚರ್ಮವನ್ನು ಅದರ ಕೆಳಗಿನ ಕೊಬ್ಬಿನ ಸಮೇತ ಹೆಬ್ಬೆರಳು, ತೋರುಬೆರಳಲ್ಲಿ ಎತ್ತಿ ಹಿಡಿದು, ಇಕ್ಕಳದಂಥ ಉಪಕರಣದಿಂದ ದಪ್ಪ ಅಳೆಯುತ್ತಾರೆ. ತೋಳಿನ ಮುಂಭಾಗ, ಹಿಂಭಾಗ, ಬೆನ್ನಿನ ಹಲಗೆ ಮೂಳೆಯ ಕೆಳಗೆ, ಸೊಂಟದ ಮೂಳೆಯ ಮೇಲೆ. ಒಟ್ಟು ನಾಲ್ಕು ಜಾಗ, ಎಲ್ಲವೂ ಬಲಗಡೆ. ಮೊದಲು ಟೇಪಿನಿಂದ ಅಳೆದು ಪೆನ್ನಲ್ಲಿ ಚುಕ್ಕೆ ಇಟ್ಟರು. ನಾಲ್ಕೂ ಕಡೆ ಒಂದು ಸುತ್ತು ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ಒಂದೇ ಜಾಗವನ್ನು ಬಿಡದೆ ಒತ್ತಿದರೆ ಕೊಬ್ಬು ಅಮುಕಿ ತೆಳ್ಳಗೆ ಕಾಣುತ್ತದಂತೆ. ನೋವಾಗಲಿಲ್ಲ, ಚಿವುಟಿದ ಹಾಗೆ ಅಷ್ಟೇ. ನನ್ನದು 10, 21, 20, 19 ಮಿಲಿಮೀಟರ್. ಕೂಡಿದರೆ 70. ನಲವತ್ತರ ಹರೆಯದ ಹೆಂಗಸಿಗೆ 70 ಅಂದರೆ ಶೇಕಡ 35 ಕೊಬ್ಬು. ಈ ಪಟ್ಟಿ ಬಂದದ್ದು 1974ರಲ್ಲಿ. ಡರ್ನಿನ್, ವೊಮರ್ಸ್ಲಿ ಅನ್ನುವವರು 16ರಿಂದ 72 ವರ್ಷದ 481 ಜನರ ಚರ್ಮದ ಮಡಿಕೆ ಅಳೆದು, ಅದನ್ನು ಅವರ ದೇಹದ ಸಾಂದ್ರತೆಯ ಜೊತೆ ತಾಳೆ ನೋಡಿದ್ದರು. ಕೊಬ್ಬಿನ ಸಾಂದ್ರತೆ ಸುಮಾರು 0.9, ಉಳಿದ ದೇಹದ್ದು ಸುಮಾರು 1.1. ಹಾಗಾಗಿ ನೀರಿನೊಳಗೆ ತೂಗಿದರೆ ಕೊಬ್ಬೆಷ್ಟು ಅಂತ ಗೊತ್ತಾಗುತ್ತದೆ. ಕ್ಯಾಲಿಪರ್ ಅಂಕೆಯ ಹಿಂದೆ ನಿಂತಿರುವುದು ನೀರಿನೊಳಗೆ ತೂಗಿದ ಆ ಲೆಕ್ಕ.

ಕ್ಯಾಲಿಪರ್ ಪರೀಕ್ಷೆಯಲ್ಲಿ ಒಂದು ಮಾತು ನೆನಪಿಡಿ. ಅಳೆಯುವ ಕೈ ಬದಲಾದರೆ ಅಂಕೆಯೂ ಬದಲಾಗುತ್ತದೆ. ಮುಂದಿನ ಸಲವೂ ಅದೇ ವ್ಯಕ್ತಿಯ ಹತ್ತಿರ ಅಪಾಯಿಂಟ್‌ಮೆಂಟ್ ಕೇಳಿ. ಇದು ಚರ್ಮದ ಕೆಳಗಿನ ಕೊಬ್ಬನ್ನಷ್ಟೇ ನೋಡುತ್ತದೆ, ಹೊಟ್ಟೆಯೊಳಗೆ ಅಂಗಗಳ ಸುತ್ತ ಕೂತ ಕೊಬ್ಬು ಇದಕ್ಕೆ ಸಿಗುವುದಿಲ್ಲ. ಅದರ ಸುಳಿವು ಕೊಡುವುದರಲ್ಲಿ ಟೇಪೇ ಮೇಲು.

ಡೆಕ್ಸಾಗೆ ಸರದಿ ಸಿಗುವುದಕ್ಕೇ ವಾರಗಳು ಕಾದೆ. ಸ್ಕ್ಯಾನ್ ಆಯಿತು. ರಿಪೋರ್ಟ್ ತೆರೆದರೆ ಬೆನ್ನುಮೂಳೆ, ತೊಡೆಮೂಳೆ, ಮೂಳೆಯ ಗಟ್ಟಿತನ ಹೇಳುವ 'ಟಿ-ಸ್ಕೋರ್'. ಕೊಬ್ಬಿನ ಸುದ್ದಿಯೇ ಇಲ್ಲ. ಶಿಫಾರಸು ಚೀಟಿಯಲ್ಲಿ ಬರೀ 'ಡೆಕ್ಸಾ' ಅಂತ ಇತ್ತು. ಸೆಂಟರಿನವರು ಮಾಮೂಲಿನಂತೆ ಮೂಳೆ ಸಾಂದ್ರತೆ ನೋಡಿ ಕಳಿಸಿದ್ದರು. ಅದೇ ಯಂತ್ರ, ಅದೇ ಮೇಜು, ಆದರೆ ಇಡೀ ದೇಹದ ಕೊಬ್ಬು, ಸ್ನಾಯುವಿನ ಸ್ಕ್ಯಾನ್ ಬೇರೆಯೇ. ಮತ್ತೆ ಚೀಟಿ, ಮತ್ತೆ ಸರದಿ, ಮತ್ತೆ ದುಡ್ಡು. ಮೂಳೆಯದ್ದಕ್ಕೆ ವಿಮೆಯವರು ಕೊಟ್ಟರು, ಎರಡನೆಯದಕ್ಕೆ ಇಲ್ಲ ಅಂದುಬಿಟ್ಟರು. ಅವತ್ತು ಸೆಂಟರಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ದಯವಿಟ್ಟು ನಿಮ್ಮ ಚೀಟಿಯಲ್ಲಿ 'ಹೋಲ್ ಬಾಡಿ ಡೆಕ್ಸಾ, ಬಾಡಿ ಕಾಂಪೋಸಿಷನ್' ಅಂತ ಪೂರ್ತಿ ಬರೆಸಿ. ಬುಕ್ ಮಾಡುವಾಗ ಫೋನಲ್ಲಿ ಇನ್ನೊಮ್ಮೆ ಹೇಳಿ. ಎಲ್ಲ ಕಡೆ ಆ ಸಾಫ್ಟ್‌ವೇರ್ ಇರುವುದಿಲ್ಲ, ಇದೆಯಾ ಅಂತ ಕೇಳಿ. ಮೂಳೆಯದ್ದೂ ಬೇಕಾದರೆ ಎರಡನ್ನೂ ಒಂದೇ ಸಲ ಮಾಡುತ್ತಾರಾ, ಒಟ್ಟು ಖರ್ಚೆಷ್ಟು ಅಂತ ಮೊದಲೇ ವಿಚಾರಿಸಿ. ಇತ್ತೀಚೆಗೆ ಬೇರಿಯಂ ಕುಡಿದಿದ್ದರೆ, ಬಣ್ಣದ ದ್ರವ ಚುಚ್ಚಿ ಸ್ಕ್ಯಾನ್ ಮಾಡಿಸಿದ್ದರೆ ತಿಳಿಸಿ. ಕೆಲವು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮಾಡುವುದಿಲ್ಲ.

ಸ್ಕ್ಯಾನ್ ಮಾತ್ರ ಹೂ ಎತ್ತಿದಷ್ಟು ಹಗುರ. ಲೋಹವಿರುವ ಬಟ್ಟೆ, ಒಳ ಉಡುಪಿನ ಕೊಕ್ಕೆ ಎಲ್ಲ ತೆಗೆದು ಗೌನ್ ಹಾಕಿಕೊಂಡು ಅಂಗಾತ ಮಲಗಬೇಕು. ಕೈ ತೊಡೆಗೆ ತಾಗಬಾರದು. ಎರಡೂ ಪಾದ ಸ್ವಲ್ಪ ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟಿದರು. ಮೇಲಿಂದ ಒಂದು ತೋಳು ನಿಧಾನವಾಗಿ ತಲೆಯಿಂದ ಕಾಲಿನತ್ತ ಸಾಗಿತು. ಕೊಳವೆಯೊಳಗೆ ಹೋಗುವುದಿಲ್ಲ, ಸದ್ದಿಲ್ಲ, ಸೂಜಿಯಿಲ್ಲ. ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಹಾಯಿಸಿ, ಎಲ್ಲಿ ಎಷ್ಟು ತಡೆಯಾಯಿತು ಅಂತ ನೋಡಿ ಮೂಳೆ, ಕೊಬ್ಬು, ಉಳಿದದ್ದು ಅಂತ ಬೇರ್ಪಡಿಸುತ್ತಾರೆ. ವಿಕಿರಣ ತೀರಾ ಕಡಿಮೆ, ಒಂದೆರಡು ದಿನದಲ್ಲಿ ನಮಗೆ ಪ್ರಕೃತಿಯಿಂದ ಸಿಗುವಷ್ಟು.

ನನ್ನ 57.5 ಕಿಲೋದಲ್ಲಿ ಕೊಬ್ಬು 21.9, ಮೂಳೆಯ ಖನಿಜ 2.1, ಉಳಿದದ್ದು 33.5. ಆ ಉಳಿದದ್ದನ್ನು 'ಲೀನ್' ಅನ್ನುತ್ತಾರೆ. ಅದೆಲ್ಲ ಸ್ನಾಯುವಲ್ಲ, ಅಂಗಗಳು, ನೀರು ಎಲ್ಲ ಸೇರಿರುತ್ತದೆ. ಅದಕ್ಕೇ ಡಾಕ್ಟರ್ ಕೈಕಾಲುಗಳ ಲೀನ್ ಮಾತ್ರ ಕೂಡಿದರು. 13.2 ಕಿಲೋ. ಎತ್ತರದಿಂದ ಎರಡು ಸಲ ಭಾಗಿಸಿದರೆ 5.3. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೆಂಗಸರಿಗೆ 5.4, ಗಂಡಸರಿಗೆ 7.0 ಅಂತ ಗೆರೆ ಹಾಕಿದೆ. ನಾನು ಗೆರೆಯ ಕೆಳಗಿದ್ದೆ. ಆ ಗೆರೆ ಇರುವುದು ವಯಸ್ಸಾದವರಿಗಾಗಿ, ನನ್ನ ವಯಸ್ಸಿನವರಿಗೆ ಅದು ರೋಗದ ಹೆಸರಲ್ಲ, ಎಚ್ಚರಿಕೆ ಅಂತ ಡಾಕ್ಟರ್ ಬಿಡಿಸಿ ಹೇಳಿದರು.

ಬಿಎಂಐ ನಾರ್ಮಲ್ ಇದ್ದೂ ಇಷ್ಟೊಂದು ಕೊಬ್ಬು ಇರಬಹುದಾ ಅಂತ ಕೇಳಿದೆ. ಅವರು ಇಬ್ಬರು ವೈದ್ಯರ ಉದಾಹರಣೆ ಕೊಟ್ಟರು. ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರೂ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರದ್ದೂ ಬಿಎಂಐ 22.3. ಡೆಕ್ಸಾದಲ್ಲಿ ಯುಡ್ಕಿನ್ ಅವರ ಕೊಬ್ಬು ಶೇಕಡ 9.1, ಯಾಜ್ಞಿಕ್ ಅವರದ್ದು 21.2. ಬಿಎಂಐ ಲೆಕ್ಕವನ್ನು 1830ರ ದಶಕದಲ್ಲಿ ಕೊಟ್ಟ ಬೆಲ್ಜಿಯಂನ ಕೆಟ್ಲೆ ಡಾಕ್ಟರೇ ಅಲ್ಲ, ಗಣಿತದ ಮನುಷ್ಯ. ಜನಸಮೂಹದ ಸರಾಸರಿ ನೋಡುವುದಕ್ಕೆ ಮಾಡಿದ್ದು ಅದು. ಅದಕ್ಕೆ ಈ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅವರಿಂದ. ಸಾವಿರಾರು ಜನರನ್ನು ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ. ನನ್ನೊಬ್ಬಳ ಬಗ್ಗೆ ಅದಕ್ಕೆ ಗೊತ್ತಿರುವುದು ತುಂಬ ಕಡಿಮೆ.

ಇಷ್ಟೆಲ್ಲ ಯಂತ್ರಗಳ ನಡುವೆ ನನ್ನ ಮನಸ್ಸಿಗೆ ತಟ್ಟಿದ್ದು ಹಿಡಿತದ ಪರೀಕ್ಷೆ. ಕುರ್ಚಿಯಲ್ಲಿ ಕೂತು, ಮೊಣಕೈ ಮಡಚಿ, ಕೈಗೆ ಕೊಟ್ಟ ಹಿಡಿಯನ್ನು ಇದ್ದ ಶಕ್ತಿಯೆಲ್ಲ ಹಾಕಿ ಅಮುಕಬೇಕು. "ಇನ್ನೂ, ಇನ್ನೂ, ಬಿಡ್ಬೇಡಿ ಮೇಡಂ" ಅಂತ ಡಯಟಿಷಿಯನ್ ಹುರಿದುಂಬಿಸುತ್ತಿದ್ದರು. ಮುಳ್ಳು 17ಕ್ಕೆ ನಿಂತಿತು. ಅದೇ ಏಷ್ಯಾದ ಗುಂಪಿನ ಪ್ರಕಾರ ಹೆಂಗಸರಿಗೆ 18 ಕಿಲೋಗಿಂತ ಕಡಿಮೆ, ಗಂಡಸರಿಗೆ 28ಕ್ಕಿಂತ ಕಡಿಮೆ ಬಂದರೆ ಬಲ ಕುಂದಿದೆ ಅಂತ. ಯುರೋಪಿನವರು 16 ಮತ್ತು 27 ಹಿಡಿಯುತ್ತಾರೆ. ಆಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು, 12 ಸೆಕೆಂಡಿನೊಳಗೆ. ನನಗೆ ಆಗಲಿಲ್ಲ. ಬಾಟಲಿ ಮುಚ್ಚಳ, ಮೆಟ್ಟಿಲು, ಎಲ್ಲಕ್ಕೂ ಉತ್ತರ ಇಲ್ಲಿ ಸಿಕ್ಕಿತು. ಸುಸ್ತು ಮನಸ್ಸಿನದ್ದಲ್ಲ ಅಂತ ಮೊದಲ ಸಲ ಧೈರ್ಯವಾಗಿ ಹೇಳಿಕೊಳ್ಳೋಕಾಯಿತು.

ಊಟದ ಲೆಕ್ಕವೂ ಒಂದು ಪರೀಕ್ಷೆಯೇ. ಹಿಂದಿನ ಇಪ್ಪತ್ತನಾಲ್ಕು ಗಂಟೆ ಏನು ತಿಂದಿರಿ ಅಂತ ಕೇಳಿದರು. ಒಮ್ಮೆ ಪೂರ್ತಿ ಹೇಳಿಸಿ, ಮತ್ತೆ ಮೊದಲಿನಿಂದ ಬಂದು ನಡುವೆ ಕುಡಿದದ್ದು, ಬಾಯಾಡಿಸಿದ್ದು, ಅಡುಗೆಗೆ ಹಾಕಿದ ಎಣ್ಣೆ ಎಲ್ಲ ಕೆದಕಿದರು. ಆಮೇಲೆ ಮೂರು ದಿನದ ಡೈರಿ, ಅದರಲ್ಲಿ ಒಂದು ರಜಾದಿನ ಇರಲೇಬೇಕು. ಬರೆಯುವಾಗ ಜನ ತಮಗೇ ಗೊತ್ತಿಲ್ಲದೆ ಕಡಿಮೆ ತಿನ್ನುತ್ತಾರೆ, ಕಡಿಮೆ ಬರೆಯುತ್ತಾರೆ. ದಿನಾ ತಿನ್ನುವ ಹಾಗೇ ತಿಂದು ಬರೆಯಿರಿ. ನನ್ನ ಡೈರಿಯಲ್ಲಿ ಕಂಡದ್ದು ಇಷ್ಟು: ಹೊಟ್ಟೆ ತುಂಬ ತಿನ್ನುತ್ತಿದ್ದೆ, ಪ್ರೋಟೀನ್ ಮಾತ್ರ ಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದೂ ರಾತ್ರಿ ಒಂದೇ ಹೊತ್ತಿನಲ್ಲಿ.

ನನಗೆ ಕೊಟ್ಟ ಚಿಕಿತ್ಸೆ ಕಬ್ಬಿಣದ ಮಾತ್ರೆ, ಮೂರೂ ಹೊತ್ತಿಗೆ ಹಂಚಿದ ಪ್ರೋಟೀನ್, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಭಾರ ಎತ್ತುವ ವ್ಯಾಯಾಮ. ತೂಕ ಇಳಿಸಿ ಅಂತ ಯಾರೂ ಹೇಳಲಿಲ್ಲ. ಕೊಬ್ಬು ಶೇಕಡ 38 ಅಂತ ನೋಡಿದ ತಕ್ಷಣ ಊಟ ಬಿಟ್ಟಿದ್ದರೆ ಉಳಿದ ಸ್ನಾಯುವೂ ಹೋಗುತ್ತಿತ್ತು. ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ದಿನವೇ ಪಥ್ಯ ಶುರು ಮಾಡುವವರಿಗೆ ಇದೊಂದನ್ನು ಕಳಕಳಿಯಿಂದ ಹೇಳುತ್ತೇನೆ, ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಕೆಲವು ತಿಂಗಳ ನಂತರ ಅದೇ ಸೆಂಟರ್, ಅದೇ ಯಂತ್ರ, ಬೆಳಗಿನ ಅದೇ ಹೊತ್ತು, ಖಾಲಿ ಹೊಟ್ಟೆ. ತೂಕ 57.1. ತಕ್ಕಡಿಯನ್ನೇ ನಂಬಿದ್ದರೆ ಏನೂ ಬದಲಾಗಿಲ್ಲ ಅನ್ನಬೇಕಿತ್ತು. ಡೆಕ್ಸಾದಲ್ಲಿ ಕೊಬ್ಬು ಶೇಕಡ 35, ಅಂದರೆ 20 ಕಿಲೋ. ಲೀನ್ 35ಕ್ಕೆ ಏರಿತ್ತು. ಕೈಕಾಲಿನದ್ದು 13.9. ಶೇಕಡ ಒಂದರಷ್ಟು ವ್ಯತ್ಯಾಸ ಬಂದಿದ್ದರೆ ಅದು ಯಂತ್ರದ್ದೇ ಇರಬಹುದಿತ್ತು, ಇಷ್ಟು ಬಂದರೆ ನಿಜವಾದ ಬದಲಾವಣೆ ಅಂದರು ಡಾಕ್ಟರ್. ಹೊಟ್ಟೆ 80. ಹಿಡಿತ 21. ಕ್ಲಿನಿಕ್ಕಿನ ಕರೆಂಟ್ ಯಂತ್ರವೂ 33ರಿಂದ 30ಕ್ಕೆ ಇಳಿದಿತ್ತು. ಡೆಕ್ಸಾ ಹೇಳಿದ ಅಂಕೆಗೂ ಅದರ ಅಂಕೆಗೂ ತಾಳೆ ಇಲ್ಲ, ಆದರೆ ಎರಡೂ ಹೋದ ದಿಕ್ಕು ಒಂದೇ.

ಫೆರಿಟಿನ್ ಇನ್ನೂ 26. ಮಾತ್ರೆ ಮುಂದುವರಿಯುತ್ತದೆ. ಮುಂದಿನ ಭೇಟಿಗೆ ಡೆಕ್ಸಾ ಬೇಡವಂತೆ. ಟೇಪು, ಹಿಡಿತ, ಕುರ್ಚಿ ಪರೀಕ್ಷೆ, ರಕ್ತದ ಎಣಿಕೆ, ಫೆರಿಟಿನ್ ಸಾಕು, ಎಲ್ಲ ಸೇರಿ ಒಂದು ಸ್ಕ್ಯಾನಿನ ಖರ್ಚಿಗಿಂತ ಎಷ್ಟೋ ಕಡಿಮೆ. ಫೈಲಿನ ಮೊದಲ ಹಾಳೆಯಲ್ಲಿ ತಾರೀಖು, ಪರೀಕ್ಷೆ, ಯಂತ್ರದ ಹೆಸರು, ಅಳೆದವರ ಹೆಸರು, ಖಾಲಿ ಹೊಟ್ಟೆಯಾ ಇಲ್ವಾ ಅಂತ ಕಾಲಂ ಹಾಕಿ ಬರೆದಿಟ್ಟಿದ್ದೇನೆ. ಹೊಸ ಡಾಕ್ಟರ್ ಯಾರೇ ಬಂದರೂ ಆ ಒಂದು ಹಾಳೆ ಕೊಟ್ಟರೆ ಸಾಕು, ಮೊದಲಿನಿಂದ ಕಥೆ ಹೇಳುವ ಕೆಲಸ ಇಲ್ಲ.